ಗ್ಯಾಸ್ ಲೀಕ್ ಅಲ್ಲ, ಸ್ಕಂಕ್

"ಡಾಕ್ಟ್ರೇ, ಮೊದಲು ಗ್ಯಾಸ್ ಲೀಕ್ ಆಗಿದೆ ಅಂದ್ಕೊಂಡ್ವಿ. ನೋಡಿದ್ರೆ ನಮ್ಮ ನಾಯೀನೇ!"

ಮಾರ್ಚ್ ತಿಂಗಳ ಒಂದು ರಾತ್ರಿ 11 ಗಂಟೆಗೆ ಬಂದ ಫೋನ್ ಇದು. ಇಲ್ಲಿ ನ್ಯೂಜೆರ್ಸಿಯಲ್ಲಿ ನಾಯಿ ಸಾಕಿರುವ ಕನ್ನಡದವರಿಂದ ನನಗೆ ಇಂಥ ಫೋನ್ ಆಗಾಗ ಬರುತ್ತದೆ. ನಮ್ಮೂರ ಕಡೆ ಸ್ಕಂಕ್ ಇಲ್ಲವೇ ಇಲ್ಲ. ಹಾಗಾಗಿ ಅಜ್ಜಿಯ ಮನೆಮದ್ದೂ ನೆರವಿಗೆ ಬರುವುದಿಲ್ಲ.

ಸ್ಕಂಕ್ ಬೆಕ್ಕಿನಷ್ಟು ಗಾತ್ರದ ಪ್ರಾಣಿ. ಕಪ್ಪು ಮೈ, ಬೆನ್ನ ಮೇಲೆ ಬಿಳಿ ಪಟ್ಟೆ. ಫೆಬ್ರವರಿ, ಮಾರ್ಚ್ ಅದರ ಬೆದೆಗಾಲ, ಓಡಾಟ ಜಾಸ್ತಿ. ಹೆದರಿದರೆ ಮುಂಗಾಲನ್ನು ನೆಲಕ್ಕೆ ಬಡಿದು, ಬಾಲ ಎತ್ತಿ ಎಚ್ಚರಿಸುತ್ತದೆ. ನಾವಾದರೆ ಹಿಂದೆ ಸರಿಯುತ್ತೇವೆ. ನಾಯಿ ಇನ್ನೂ ಹತ್ತಿರ ಹೋಗಿ ಮೂಸುತ್ತದೆ! ಆಗ ಸ್ಕಂಕ್ ಬಾಲದ ಬುಡದಿಂದ ನಾರುವ ಎಣ್ಣೆ ಚಿಮ್ಮಿಸುತ್ತದೆ. ಅದಕ್ಕೇ ಬಹಳ ಸಲ ಅದು ಬೀಳುವುದು ನಾಯಿಯ ಮುಖಕ್ಕೆ.

ಗ್ಯಾಸ್ ಅಂದುಕೊಂಡಿದ್ದರಲ್ಲಿ ತಪ್ಪೇನಿಲ್ಲ. ಸೋರಿದರೆ ಗೊತ್ತಾಗಲಿ ಅಂತ ಅಡುಗೆ ಗ್ಯಾಸಿಗೆ ಬೆರೆಸುವ ಮರ್ಕ್ಯಾಪ್ಟನ್, ಸ್ಕಂಕ್ ಚಿಮ್ಮಿಸುವ ಎಣ್ಣೆಯಲ್ಲಿರುವ ಥಯಾಲ್, ಎರಡೂ ಒಂದೇ ಕುಲದ ಗಂಧಕದ ವಸ್ತುಗಳು.

ಆ ಮನೆಯವರು ಆಗಲೇ ನಾಯಿಗೆ ನಾಲ್ಕು ಡಬ್ಬ ಟೊಮೆಟೊ ಪ್ಯೂರಿ ಸುರಿದಿದ್ದರು. ಸಾರಿಗಾದರೂ ಆಗುತ್ತಿತ್ತು. ಟೊಮೆಟೊ ಥಯಾಲನ್ನು ಏನೂ ಮಾಡುವುದಿಲ್ಲ. ಅಷ್ಟು ಹೊತ್ತಿಗೆ ನಮ್ಮ ಮೂಗು ಸೋತು, ವಾಸನೆ ಹೋಯಿತು ಅನ್ನಿಸುತ್ತದೆ, ಅಷ್ಟೇ.

ಕೆಲಸ ಮಾಡುವ ಮದ್ದು 1993ರಲ್ಲಿ ಪ್ರಕಟವಾಯಿತು. ಇಲಿನಾಯ್‌ನ ರಸಾಯನ ತಜ್ಞ ಪಾಲ್ ಕ್ರೇಬಾಮ್ ಅದನ್ನು ಹೇಳಿದ್ದು ಸಹೋದ್ಯೋಗಿಯ ಬೆಕ್ಕಿಗಾಗಿ. 3 ಪರ್ಸೆಂಟಿನ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಒಂದು ಲೀಟರ್, ಅಡುಗೆ ಸೋಡಾ ಕಾಲು ಕಪ್, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು ಒಂದೆರಡು ಟೀ ಚಮಚ. ಸೋಪು ಎಣ್ಣೆ ಬಿಡಿಸುತ್ತದೆ. ಸೋಡಾ ಜೊತೆ ಸೇರಿದ ಪೆರಾಕ್ಸೈಡ್, ಥಯಾಲಿಗೆ ಆಕ್ಸಿಜನ್ ಅಂಟಿಸಿ ವಾಸನೆಯಿಲ್ಲದ ವಸ್ತುವಾಗಿ ಬದಲಿಸುತ್ತದೆ. ಬೇಕಿಂಗ್ ಪೌಡರ್ ಬೇಡ, ಅದು ಬೇರೆ.

ನಾಯಿಯನ್ನು ಒಳಗೆ ಬಿಡಬೇಡಿ, ಸೋಫಾಗೆ ಮೈ ಉಜ್ಜಿದರೆ ಕಥೆ ಮುಗೀತು. ಮೊದಲು ನೀರು ಹೊಯ್ಯಲೂಬೇಡಿ. ಗ್ಲೌಸ್ ಹಾಕಿಕೊಂಡು, ಆಗತಾನೇ ಕಲಸಿದ್ದನ್ನು ಒಣ ಕೂದಲಿನ ಬುಡದವರೆಗೆ ತಿಕ್ಕಿ. ಐದು ನಿಮಿಷ ಬಿಟ್ಟು ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಮುಖಕ್ಕೆ ಮಾತ್ರ ಬಟ್ಟೆ ಅದ್ದಿ ಒರೆಸಿ, ಕಣ್ಣಿಗೆ ತಾಗಬಾರದು. ಕಣ್ಣಿಗೆ ಸ್ಕಂಕಿನ ಎಣ್ಣೆ ಸಿಡಿದಿದ್ದರೆ ಎಲ್ಲಕ್ಕಿಂತ ಮೊದಲು ಬರೀ ನೀರಲ್ಲಿ ಕಣ್ಣು ತೊಳೆಯಿರಿ. ಕಪ್ಪು ನಾಯಿಯ ಕೂದಲು ಸ್ವಲ್ಪ ಕೆಂಚಾಗಬಹುದು.

ಉಳಿದಿದ್ದನ್ನು ಬಾಟಲಿಗೆ ತುಂಬಿ ಮುಚ್ಚಳ ಹಾಕಿಡಬೇಡಿ. ಒಳಗೆ ಆಕ್ಸಿಜನ್ ಏರುತ್ತಲೇ ಹೋಗಿ ಬಾಟಲಿ ಸಿಡಿಯುತ್ತದೆ. ಈ ಮಿಶ್ರಣ ಅಂಗಡಿಯಲ್ಲಿ ತಯಾರಾಗಿ ಸಿಗದೇ ಇರುವುದಕ್ಕೂ ಇದೇ ಕಾರಣ.

ವಾಸನೆಗಿಂತ ನಾನು ಮೊದಲು ಕೇಳುವುದು ಕಚ್ಚಿದ ಗಾಯ ಇದೆಯಾ ಅಂತ. ಅಮೆರಿಕದಲ್ಲಿ ರೇಬೀಸ್ ಹರಡುವ ಮುಖ್ಯ ಕಾಡುಪ್ರಾಣಿಗಳಲ್ಲಿ ಸ್ಕಂಕ್ ಒಂದು. ಲಸಿಕೆ ಹಾಕಿಸಿದ್ದರೂ ಕರೆತನ್ನಿ. ಇನ್ನೊಂದು ಅಪರೂಪದ ತೊಂದರೆ, ಆ ಎಣ್ಣೆ ಜಾಸ್ತಿ ಬಿದ್ದರೆ ರಕ್ತದ ಕೆಂಪು ಕಣಗಳು ಒಡೆಯುವುದು. ನಾಯಿ ಮಂಕಾಗಿ, ಒಸಡು ಬಿಳಚಿ, ಮೂತ್ರ ಕಂದಾದರೆ ಬೆಳಗಾಗುವ ತನಕ ಕಾಯಬೇಡಿ.

ಎರಡು ವಾರದ ನಂತರ ಅವರೇ ಮತ್ತೆ ಫೋನ್ ಮಾಡಿದರು. ಮಳೆಯಲ್ಲಿ ನೆನೆದು ಬಂದ ನಾಯಿ ನಾರುತ್ತಿತ್ತಂತೆ. ಮತ್ತೆ ಸ್ಕಂಕ್ ಸಿಕ್ಕಿರಲಿಲ್ಲ. ಆ ಎಣ್ಣೆಯಲ್ಲಿ ಥಯೋಅಸಿಟೇಟ್ ಅಂತ ಇನ್ನೊಂದು ಭಾಗವಿದೆ, ನೀರು ತಾಗಿದಾಗ ನಿಧಾನವಾಗಿ ಥಯಾಲ್ ಆಗುತ್ತದೆ. ಎಲ್ಲಿ ಉಳಿದಿತ್ತು ಅಂತ ಹುಡುಕಿದೆವು. ಬಟ್ಟೆಯ ಕೊರಳಪಟ್ಟಿಯಲ್ಲಿ!