ಕಡಲೆಬೀಜದಲ್ಲಿ ಕಡಲೆ ಎಲ್ಲಿದೆ?

ಪಾವಗಡ, ಮಧುಗಿರಿ ಕಡೆಯ ದಿನಸಿ ಅಂಗಡಿಯಲ್ಲಿ ಕಡಲೆಬೇಳೆ, ಕಡಲೆಬೀಜ ಅಕ್ಕಪಕ್ಕದ ಚೀಲಗಳಲ್ಲೇ ಇರುತ್ತವೆ. ಬೇಳೆ ನಿಜವಾದ ಕಡಲೆಯದು. ಬೀಜ ಮಾತ್ರ ಮಣ್ಣಿನೊಳಗೆ ಕಾಯಿ ಕಟ್ಟುವ, ಮೂಲತಃ ದಕ್ಷಿಣ ಅಮೆರಿಕದ ಬೇರೊಂದು ಗಿಡದ್ದು. ಅದಕ್ಕೆ ನಮ್ಮ ಜನ ಗೊತ್ತಿದ್ದ ಕಡಲೆಯ ಹೆಸರಿಗೇ ಒಂದೊಂದು ಪದ ಸೇರಿಸಿಕೊಂಡರು: ಕಡಲೆಕಾಯಿ, ಕಡಲೆಬೀಜ, ನೆಲಗಡಲೆ. ಬಿಡಿಪದಗಳ ಅರ್ಥ ಕೂಡಿಸಿದರೆ ಸಮಾಸದ, ಅಂದರೆ ಕೂಡುಪದದ, ಅರ್ಥ ಬಂದೇಬಿಡುತ್ತದೆ ಎಂದುಕೊಂಡವರು ಇಲ್ಲೇ ಎಡವುತ್ತಾರೆ.

ಸಮಾಸ ಬಿಡಿಸುವಾಗ ಮೊದಲು ಉತ್ತರಪದ, ಅಂದರೆ ಕೊನೆಯ ಪದ, ಹಿಡಿಯಿರಿ. ಬಹುಪಾಲು ಅದೇ ವಸ್ತುವನ್ನು ಹೇಳುತ್ತದೆ, ಮೊದಲಿನ ಪೂರ್ವಪದ ಅದರ ಬಗೆಯನ್ನು. ಆಮೇಲೆ ನಡುವೆ ಲೋಪವಾದ ಪ್ರತ್ಯಯ ಹಾಕಿ ಓದಿ. ಮಳೆಯ ಕಾಲ ಮಳೆಗಾಲ, ಇದು ತತ್ಪುರುಷ. ಕೆಂಪಾದ ಮಣ್ಣು ಕೆಮ್ಮಣ್ಣು, ಇದು ಕರ್ಮಧಾರಯ. ಕೆರೆಯೂ ಕಟ್ಟೆಯೂ ಸಮನಾಗಿ ನಿಂತರೆ ದ್ವಂದ್ವ. ಮುಕ್ಕಣ್ಣ ಎಂದಾಗ ಅರ್ಥ ಕಣ್ಣನ್ನು ದಾಟಿ ಶಿವನಿಗೆ ಹೋಗುತ್ತದೆ, ಅದು ಬಹುವ್ರೀಹಿ.

ಮೂರು ಪದ ಸೇರಿದಾಗ ಯಾವೆರಡು ಮೊದಲು ಕೂಡಿದವು ಎಂದು ನೋಡಲೇಬೇಕು. ಚಿಕ್ಕನಾಯಕನಹಳ್ಳಿಯಲ್ಲಿ 'ಚಿಕ್ಕ' ಸೇರಿರುವುದು ನಾಯಕನಿಗೆ: ಚಿಕ್ಕನಾಯಕನ ಹಳ್ಳಿ. ಚಿಕ್ಕಬಳ್ಳಾಪುರದಲ್ಲಾದರೆ 'ಚಿಕ್ಕ' ಇಡೀ ಬಳ್ಳಾಪುರಕ್ಕೆ ಸೇರುತ್ತದೆ, ದೊಡ್ಡಬಳ್ಳಾಪುರ ಪಕ್ಕದಲ್ಲೇ ಇದೆಯಲ್ಲ.

ಹೆಚ್ಚು ತಪ್ಪಾಗುವುದು ಗ, ದ, ಬ ಆದೇಶದಲ್ಲಿ, ಅಂದರೆ ಒಂದು ಅಕ್ಷರದ ಜಾಗಕ್ಕೆ ಇನ್ನೊಂದು ಬರುವಲ್ಲಿ. ಉತ್ತರಪದದ ಮೊದಲಿನ ಕ, ತ, ಪಗಳು ಗ, ದ, ಬ ಆಗುತ್ತವೆ: ಮನೆಗೆಲಸ, ಹೂದೋಟ, ಕಂಬನಿ. ದ್ವಂದ್ವದಲ್ಲಿ ಸಾಮಾನ್ಯವಾಗಿ ಹೀಗಾಗದು. ಕೈಕಾಲು 'ಕೈಗಾಲು' ಆಗಲಿಲ್ಲ, ಕೆರೆಕಟ್ಟೆ ಹಾಗೆಯೇ ಉಳಿಯಿತು. ನಡುವೆ 'ಇನ' ಪ್ರತ್ಯಯ ಉಳಿದರೂ ಬದಲಾವಣೆ ಇಲ್ಲ: ತೆಂಗು, ಕಾಯಿ ನೇರ ಕೂಡಿದರೆ ತೆಂಗಾಯಿ, 'ಇನ' ಇದ್ದರೆ ತೆಂಗಿನಕಾಯಿ. ಬದನೆಕಾಯಿ, ಹಾಗಲಕಾಯಿಗಳಂಥ ತರಕಾರಿ ಹೆಸರುಗಳಲ್ಲಿ 'ಕಾಯಿ' ಬದಲಾಗದೆ ನಿಂತಿದೆ. ಹಾಗಾಗಿ ಬರೀ ಸೂತ್ರ ನೆಚ್ಚಬೇಡಿ, ಬಳಕೆಗೆ ಕಿವಿಗೊಡಿ.

ಪೊಟ್ಟಣಗಳ ಮೇಲೆ 'ಹುರಿ ಕಡಲೆ' ಎಂದು ಬಿಡಿಸಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಬಾಣಲೆಗೆ ಹಾಕಿ ಹುರಿದದ್ದು ಹುರಿದ ಕಡಲೆ. ಚಟ್ನಿಗೆ ರುಬ್ಬುವ, ಸಿಪ್ಪೆ ತೆಗೆದ ಹಗುರ ಕಾಳು ಹುರಿಗಡಲೆ. ಕಕಾರ ಗಕಾರವಾದ ಹೊತ್ತಿಗೆ ಅರ್ಥವೂ ಗಟ್ಟಿಯಾಗಿ ಒಂದೇ ಪದಾರ್ಥಕ್ಕೆ ನಿಂತಿದೆ. ಅನುಮಾನ ಬಂದರೆ ನಡುವೆ ಒಂದು ವಿಶೇಷಣ ತೂರಿಸಿ ನೋಡಿ. 'ಹುರಿದ ದಪ್ಪ ಕಡಲೆ' ಎನ್ನಬಹುದು, ಹುರಿಗಡಲೆಯ ನಡುವೆ 'ದಪ್ಪ' ಹೋಗುವುದಿಲ್ಲ. 'ದಪ್ಪ ಹುರಿಗಡಲೆ' ಎಂದು ಮುಂದೆಯೇ ಇಡಬೇಕು. ಹೀಗೆ ನಡುವೆ ಜಾಗ ಕೊಡದ ಪದಗಳನ್ನು ಕೂಡಿಸಿಯೇ ಬರೆಯಿರಿ.