ಫಿಲಿಪ್ಪೀನ್ಸ್ ಸ್ವಾತಂತ್ರ್ಯ ಹೋರಾಟ: 1898ನ್ನು ಬಿಡಿಸಿ ಓದೋಣ

ಫಿಲಿಪ್ಪೀನ್ಸ್ ಬಗ್ಗೆ ಸಾಮಾನ್ಯವಾಗಿ ನಾವು ಓದುವುದು ಇಷ್ಟೇ: ಸ್ಪೇನ್ ಆಳಿತು, 1898ರಲ್ಲಿ ಅಮೆರಿಕದ ಕೈಗೆ ಹೋಯಿತು, 1946ರಲ್ಲಿ ಅಮೆರಿಕ ಸ್ವಾತಂತ್ರ್ಯ ಕೊಟ್ಟಿತು. ಹೀಗೆ ಓದಿದರೆ ಅಲ್ಲಿನ ಜನ ಸುಮ್ನೆ ಕೈಕಟ್ಟಿ ಕೂತಿದ್ದರು ಅನ್ನಿಸುತ್ತದೆ, ಅಲ್ವಾ? ನಿಜ ಬೇರೆ. ಅವರು ಸ್ಪೇನ್ ವಿರುದ್ಧ ಬಂದೂಕು ಹಿಡಿದರು, ಸಂವಿಧಾನ ಬರೆದರು, ಗಣರಾಜ್ಯ ಕಟ್ಟಿದರು. ಆ ಗಣರಾಜ್ಯವನ್ನು ಅಮೆರಿಕ ಯುದ್ಧ ಮಾಡಿ ಮುರಿಯಿತು. ಈ ಟಿಪ್ಪಣಿಯಲ್ಲಿ ಆ ಭಾಗಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪಾದ್ರಿಯೇ ಸರ್ಕಾರ

ಸ್ಪೇನಿನ ಆಳ್ವಿಕೆ 1565ರಲ್ಲಿ ಸೆಬು ದ್ವೀಪದಲ್ಲಿ ಶುರುವಾಯಿತು. 1571ರಲ್ಲಿ ಮನಿಲಾ ರಾಜಧಾನಿಯಾಯಿತು. ಮೆಕ್ಸಿಕೋದ ಬೆಳ್ಳಿ, ಚೀನಾದ ರೇಷ್ಮೆ ಮನಿಲಾದಲ್ಲಿ ಕೈ ಬದಲಾಯಿಸುತ್ತಿದ್ದವು. ಈ ಹಡಗು ವ್ಯಾಪಾರ 1815ರವರೆಗೂ ನಡೆಯಿತು. (ನಡುವೆ ಒಂದು ಭಾರತದ ನಂಟೂ ಇದೆ. 1762ರಲ್ಲಿ ಬ್ರಿಟಿಷರು ಮನಿಲಾ ಹಿಡಿದಾಗ ಆ ಪಡೆ ಹೊರಟಿದ್ದು ಮದ್ರಾಸಿನಿಂದ. ಅದರಲ್ಲಿ ನಮ್ಮ ಸಿಪಾಯಿಗಳೂ ಇದ್ದರು. 1764ರಲ್ಲಿ ಬ್ರಿಟಿಷರು ವಾಪಸ್ಸಾದರು.)

ಸ್ಪೇನಿನ ಅಧಿಕಾರಿಗಳ ಸಂಖ್ಯೆ ಕಡಿಮೆ. ಹಾಗಾಗಿ ಹಳ್ಳಿಯಲ್ಲಿ ಜನರ ಕಣ್ಣಿಗೆ ಕಾಣುತ್ತಿದ್ದ ಸರ್ಕಾರ ಅಂದರೆ ಚರ್ಚಿನ ಸ್ಪ್ಯಾನಿಷ್ ಪಾದ್ರಿ. ಶಾಲೆ, ಜನಗಣತಿ, ಊರಿನ ಚುನಾವಣೆ, ಎಲ್ಲದರಲ್ಲೂ ಅವನ ಮಾತು ನಡೆಯುತ್ತಿತ್ತು. ಪಾದ್ರಿಗಳ ಸಂಘಗಳು ದೊಡ್ಡ ದೊಡ್ಡ ಜಮೀನುಗಳ ಒಡೆಯರೂ ಆಗಿದ್ದವು. ಇದರ ಮೇಲೆ ಬಿಟ್ಟಿ ದುಡಿಮೆ ಬೇರೆ. 16ರಿಂದ 60 ವರ್ಷದ ಗಂಡಸರು ವರ್ಷಕ್ಕೆ 40 ದಿನ ಸರ್ಕಾರಕ್ಕೆ ದುಡಿಯಬೇಕು. 1884ರಲ್ಲಿ ಇದನ್ನು 15 ದಿನಕ್ಕೆ ಇಳಿಸಿದರು.

1872ರಲ್ಲಿ ಕವೀಟೆಯ ಶಸ್ತ್ರಾಗಾರದಲ್ಲಿ ದಂಗೆಯಾಯಿತು. ಅದರ ನೆಪದಲ್ಲಿ ಗೋಮೆಸ್, ಬುರ್ಗೋಸ್, ಸಮೋರಾ ಎಂಬ ಮೂವರು ಪಾದ್ರಿಗಳನ್ನು ಫೆಬ್ರವರಿ 17ರಂದು ಜನರ ಎದುರೇ ಕತ್ತು ಬಿಗಿದು ಕೊಂದರು. ಇವರು ಸ್ಥಳೀಯ ಪಾದ್ರಿಗಳಿಗೂ ಸಮಾನ ಸ್ಥಾನ ಬೇಕು ಎಂದು ಕೇಳುವವರ ಪರ ಇದ್ದವರು. ಮುಂದಿನ ತಲೆಮಾರಿನ ಸಿಟ್ಟಿನ ಮೂಲ ಇಲ್ಲಿದೆ.

ರಿಸಾಲ್ ಮತ್ತು ಬೊನಿಫಾಸಿಯೊ

ಹೊಸೆ ರಿಸಾಲ್ ಕಣ್ಣಿನ ವೈದ್ಯ, ಕಾದಂಬರಿಕಾರ. 1887ರಲ್ಲಿ ಬರ್ಲಿನ್‌ನಲ್ಲಿ ಅಚ್ಚಾದ ಅವನ 'ನೋಲಿ ಮೆ ತಾಂಗೆರೆ' ಪಾದ್ರಿಗಳ ದಬ್ಬಾಳಿಕೆಯನ್ನು ಬಯಲು ಮಾಡಿತು. ಅವನ ಮನೆಯವರು ಕಲಂಬಾದಲ್ಲಿ ಡೊಮಿನಿಕನ್ ಪಾದ್ರಿಗಳ ಜಮೀನಿನ ಗೇಣಿದಾರರು. ಗೇಣಿಯ ಜಗಳದಲ್ಲಿ ಅವರನ್ನು ಒಕ್ಕಲೆಬ್ಬಿಸಿದರು. ಇಷ್ಟಾದರೂ ರಿಸಾಲ್ ಕೇಳುತ್ತಿದ್ದದ್ದು ಸುಧಾರಣೆ: ಸ್ಪೇನಿನ ಸಂಸತ್ತಿನಲ್ಲಿ ಪ್ರಾತಿನಿಧ್ಯ, ಕಾನೂನಿನ ಮುಂದೆ ಸಮಾನತೆ.

1892ರ ಜುಲೈನಲ್ಲಿ ಅವನನ್ನು ಬಂಧಿಸಿ ದಕ್ಷಿಣದ ಮಿಂಡನಾವೊ ದ್ವೀಪದ ದಪಿತಾನ್‌ಗೆ ಗಡೀಪಾರು ಮಾಡಿದರು. ಅದೇ ಜುಲೈ 7ರಂದು ಮನಿಲಾದಲ್ಲಿ ಆಂದ್ರೆಸ್ ಬೊನಿಫಾಸಿಯೊ ಮತ್ತು ಗೆಳೆಯರು ಸ್ಪೇನಿನಿಂದ ಸ್ವಾತಂತ್ರ್ಯ ಪಡೆಯಲು ಕತಿಪುನಾನ್ ಎಂಬ ಗುಪ್ತ ಸಂಘ ಕಟ್ಟಿದರು. ಬೊನಿಫಾಸಿಯೊ ಮನಿಲಾದ ಟೊಂಡೊ ಬಡಾವಣೆಯ ಬಡವರ ಮಗ. ಗೋದಾಮಿನಲ್ಲಿ ಕೆಲಸ, ಓದಿದ್ದು ಹೆಚ್ಚಾಗಿ ಸ್ವಂತವಾಗಿ. ಸದಸ್ಯರು ತಮ್ಮ ರಕ್ತದಲ್ಲೇ ಸಹಿ ಹಾಕುತ್ತಿದ್ದರು.

1896ರ ಆಗಸ್ಟ್‌ನಲ್ಲಿ ಗುಟ್ಟು ಹೊರಬಿತ್ತು. ಮನಿಲಾದ ಹೊರಗೆ ಸೇರಿದ ಸದಸ್ಯರು ತಮ್ಮ ಸೆಡುಲಾ ಹರಿದುಹಾಕಿ ದಂಗೆ ಎದ್ದರು. ಸೆಡುಲಾ ಅಂದರೆ ತೆರಿಗೆ ಕಟ್ಟಿದ ಚೀಟಿ. ವಯಸ್ಕರೆಲ್ಲ ದುಡ್ಡು ಕೊಟ್ಟು ಪಡೆಯಬೇಕು, ಗುರುತಿಗಾಗಿ ಜೊತೆಗೇ ಇಟ್ಟುಕೊಳ್ಳಬೇಕು. ಅದನ್ನು ಹರಿದವನಿಗೆ ಮತ್ತೆ ಊರಿನಲ್ಲಿ ಮಾಮೂಲಿಯಾಗಿ ಓಡಾಡುವ ದಾರಿಯೇ ಇಲ್ಲ. ಇದು ನಡೆದ ನಿಖರ ದಿನ, ಜಾಗದ ಬಗ್ಗೆ ಇತಿಹಾಸಕಾರರಲ್ಲಿ ಇನ್ನೂ ಒಮ್ಮತವಿಲ್ಲ.

ರಿಸಾಲ್ ಈ ದಂಗೆಯನ್ನು ಒಪ್ಪಿರಲಿಲ್ಲ. ಆದರೂ 1896ರ ಡಿಸೆಂಬರ್ 30ರಂದು ಸ್ಪೇನ್ ಅವನನ್ನು ಗುಂಡಿಟ್ಟು ಕೊಂದಿತು. ಆಗ ಅವನಿಗೆ 35 ವರ್ಷ. ನನ್ನ ಅಭಿಪ್ರಾಯದಲ್ಲಿ ಸ್ಪೇನ್ ಮಾಡಿಕೊಂಡ ಅತಿ ದೊಡ್ಡ ಎಡವಟ್ಟು ಇದೇ. ಸುಧಾರಣೆ ಸಾಕು ಎಂದು ಹೇಳಬಲ್ಲ ದೊಡ್ಡ ದನಿಯನ್ನು ಅದು ತಾನೇ ಇಲ್ಲವಾಗಿಸಿತು.

ಒಳಜಗಳವನ್ನೂ ಬಿಡುವಂತಿಲ್ಲ. ಕವೀಟೆ ಪ್ರಾಂತ್ಯದಲ್ಲಿ ಯುದ್ಧ ಗೆಲ್ಲುತ್ತಿದ್ದವನು ಎಮಿಲಿಯೊ ಅಗಿನಾಲ್ಡೊ, ಅನುಕೂಲಸ್ಥ ಮನೆತನದವನು. 1897ರ ಮಾರ್ಚ್ 22ರಂದು ತೆಹೆರೊಸ್‌ನ ಸಭೆ ಅವನನ್ನು ಕ್ರಾಂತಿಕಾರಿ ಸರ್ಕಾರದ ಅಧ್ಯಕ್ಷನನ್ನಾಗಿ ಆರಿಸಿತು. ಬೊನಿಫಾಸಿಯೊಗೆ ಒಳಾಡಳಿತ ಸಿಕ್ಕಿತು. ಆದರೆ ಆ ಹುದ್ದೆಗೆ ವಕೀಲಿ ಓದಿದವನು ಬೇಕು ಎಂದು ಸಭೆಯಲ್ಲೇ ಒಬ್ಬ ಎದ್ದು ಹೇಳಿದ. ಅವಮಾನಗೊಂಡ ಬೊನಿಫಾಸಿಯೊ ಸಭೆಯ ತೀರ್ಮಾನಗಳೇ ರದ್ದು ಎಂದ. ಮೇ 10ರಂದು ಕ್ರಾಂತಿಕಾರಿ ಸರ್ಕಾರವೇ ರಾಜದ್ರೋಹದ ಆರೋಪದ ಮೇಲೆ ಅವನನ್ನು ಕೊಲ್ಲಿಸಿತು. ಸಂಘ ಹುಟ್ಟುಹಾಕಿದವನ ಗತಿ ಇದು. ಅದೇ ಡಿಸೆಂಬರ್‌ನಲ್ಲಿ ಅಗಿನಾಲ್ಡೊ ಸ್ಪೇನ್ ಜೊತೆ ರಾಜಿ ಮಾಡಿಕೊಂಡು, 4 ಲಕ್ಷ ಪೆಸೊ ಪಡೆದು ಹಾಂಗ್‌ಕಾಂಗ್‌ಗೆ ಹೋದ.

ನಾಟಕದ ಯುದ್ಧ

ಈಗ ಮುಖ್ಯ ಭಾಗ. ಕ್ಯೂಬಾದ ವಿಷಯಕ್ಕೆ ಅಮೆರಿಕ, ಸ್ಪೇನ್ ನಡುವೆ ಯುದ್ಧ ಹತ್ತಿತು. 1898ರ ಮೇ 1ರಂದು ಅಮೆರಿಕದ ನೌಕಾಪಡೆಯ ಅಧಿಕಾರಿ ಡ್ಯೂಯಿ ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ಹಡಗುಗಳನ್ನು ಮುಳುಗಿಸಿದ. ಆದರೆ ನೆಲದ ಮೇಲೆ ಕಾದಾಡಲು ಅವನ ಹತ್ತಿರ ಸೈನ್ಯವಿರಲಿಲ್ಲ. ಅಗಿನಾಲ್ಡೊ ಅಮೆರಿಕದ ಹಡಗಿನಲ್ಲೇ ವಾಪಸ್ ಬಂದ. ಜೂನ್ 12ರಂದು ಕವೀಟೆ ಪ್ರಾಂತ್ಯದ ಕಾವಿತ್ ಊರಿನ ತನ್ನ ಮನೆಯಲ್ಲಿ ಸ್ವಾತಂತ್ರ್ಯ ಘೋಷಿಸಿದ. ಅವನ ಪಡೆಗಳು ಮನಿಲಾದ ಸುತ್ತ ಕಂದಕ ತೋಡಿ ನಗರವನ್ನು ಮುತ್ತಿದವು.

ಅಷ್ಟರಲ್ಲಿ ಅಮೆರಿಕದ ಸೈನ್ಯ ಬಂದಿಳಿಯಿತು. ಕಂದಕದ ಒಂದು ಭಾಗವನ್ನು ಬಿಟ್ಟುಕೊಡಿ ಎಂದು ಕೇಳಿ ಪಡೆದುಕೊಂಡಿತು. ಇತ್ತ ಬೆಲ್ಜಿಯಂ ಕಾನ್ಸಲ್ ಮೂಲಕ ಗುಟ್ಟಾಗಿ ಮಾತುಕತೆ ನಡೆಯಿತು. ಸ್ಪೇನಿನ ಗವರ್ನರ್ ಶರಣಾಗಲು ಸಿದ್ಧನಿದ್ದ, ಆದರೆ ಮಾನ ಉಳಿಯಲು ಒಂದಿಷ್ಟು ಗುಂಡು ಹಾರಬೇಕು, ಫಿಲಿಪಿನೊ ಪಡೆಗಳು ಕೋಟೆಯೊಳಗೆ ಬರಬಾರದು. ಆಗಸ್ಟ್ 13ರಂದು ಹಾಗೆಯೇ ಒಂದು ಸಣ್ಣ ಕಾದಾಟ ನಡೆದು ನಗರ ಶರಣಾಯಿತು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದವರು ಹೊರಗೇ ನಿಂತರು. ಅಸಲಿಗೆ ಹಿಂದಿನ ದಿನವೇ ವಾಷಿಂಗ್ಟನ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿದ್ದಿತ್ತು. ಮೇ ತಿಂಗಳಲ್ಲೇ ಡ್ಯೂಯಿ ತಂತಿ ಕೇಬಲ್ ಕತ್ತರಿಸಿದ್ದರಿಂದ ಸುದ್ದಿ ಸಮಯಕ್ಕೆ ತಲುಪಲಿಲ್ಲ.

ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಲ್ಲಿ ಅಮೆರಿಕ 2 ಕೋಟಿ ಡಾಲರ್ ಕೊಟ್ಟು ಫಿಲಿಪ್ಪೀನ್ಸನ್ನು ಪಡೆಯಿತು. ಅಗಿನಾಲ್ಡೊ ಕಳಿಸಿದ ಪ್ರತಿನಿಧಿ ಫೆಲಿಪೆ ಅಗೊನ್ಸಿಯೊಗೆ ಆ ಮಾತುಕತೆಯಲ್ಲಿ ಜಾಗವೇ ಸಿಗಲಿಲ್ಲ. ಇತ್ತ ಮಲೋಲೋಸ್‌ನಲ್ಲಿ ಸಂವಿಧಾನ ಸಿದ್ಧವಾಗಿ, 1899ರ ಜನವರಿ 23ರಂದು ಗಣರಾಜ್ಯ ಶುರುವಾಯಿತು. ಫೆಬ್ರವರಿ 4ರ ರಾತ್ರಿ ಅಮೆರಿಕದ ಸೈನ್ಯದ ಜೊತೆ ಯುದ್ಧ ಹತ್ತಿತು. ಎರಡು ದಿನದ ನಂತರ ಅಮೆರಿಕದ ಸೆನೆಟ್ 57–27 ಮತಗಳಿಂದ ಒಪ್ಪಂದವನ್ನು ಅಂಗೀಕರಿಸಿತು.

ಯುದ್ಧ ಬೇಗನೆ ಗೆರಿಲ್ಲಾ ರೂಪ ತಾಳಿತು. ಬತಂಗಾಸ್‌ನಲ್ಲಿ ಹಳ್ಳಿಗರನ್ನು ಒಕ್ಕಲೆಬ್ಬಿಸಿ ಗಡಿ ಗುರುತಿಸಿದ ಶಿಬಿರಗಳಿಗೆ ತುಂಬಿದರು. ಸೆರೆಸಿಕ್ಕವರ ಬಾಯಿಗೆ ಬಲವಂತವಾಗಿ ನೀರು ಸುರಿದು ಬಾಯಿ ಬಿಡಿಸುತ್ತಿದ್ದರು. 1901ರ ಮಾರ್ಚ್ 23ರಂದು ಅಗಿನಾಲ್ಡೊ ಪಲನಾನ್‌ನಲ್ಲಿ ಮೋಸದಿಂದ ಸೆರೆಯಾದ. 1902ರ ಜುಲೈ 4ರಂದು ಯುದ್ಧ ಮುಗಿಯಿತು ಎಂದು ಅಮೆರಿಕ ಸಾರಿತು. ಅಮೆರಿಕದ ವಿದೇಶಾಂಗ ಇಲಾಖೆಯದೇ ಲೆಕ್ಕದಂತೆ 4,200ಕ್ಕೂ ಹೆಚ್ಚು ಅಮೆರಿಕನ್ನರು, 20,000ಕ್ಕೂ ಹೆಚ್ಚು ಫಿಲಿಪಿನೊ ಯೋಧರು ಸತ್ತರು. ಹಿಂಸೆ, ಹಸಿವು, ರೋಗದಿಂದ ಸತ್ತ ನಾಗರಿಕರು 2 ಲಕ್ಷದವರೆಗೆ. ಇಷ್ಟು ದೊಡ್ಡ ಯುದ್ಧಕ್ಕೆ ಅಮೆರಿಕ ಬಹುಕಾಲ ಇಟ್ಟ ಹೆಸರು 'ದಂಗೆ'. ನೀವು ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಫಿಲಿಪ್ಪೀನ್ಸ್–ಅಮೆರಿಕ ಯುದ್ಧ ಎಂದೇ ಬರೆಯಿರಿ.

1946 ಹೇಗೆ ಬಂತು?

ಅಮೆರಿಕ ಶಾಲೆ, ರಸ್ತೆ ಕಟ್ಟಿದ್ದು ನಿಜ. ಸ್ವಾತಂತ್ರ್ಯದ ಪರ ಮಾತಾಡುವುದನ್ನು 1901ರಲ್ಲಿ, ಫಿಲಿಪ್ಪೀನ್ಸ್ ಬಾವುಟ ಹಾರಿಸುವುದನ್ನು 1907ರಲ್ಲಿ ಅಪರಾಧ ಮಾಡಿದ್ದೂ ಅಷ್ಟೇ ನಿಜ. ಬಾವುಟದ ನಿಷೇಧ 1919ರವರೆಗೂ ಇತ್ತು.

1916ರ ಜೋನ್ಸ್ ಕಾನೂನು ಸ್ವಾತಂತ್ರ್ಯದ ಭರವಸೆ ಕೊಟ್ಟಿತು, ದಿನಾಂಕ ಕೊಡಲಿಲ್ಲ. ದಿನಾಂಕ ನಿಗದಿಯಾದದ್ದು 1934ರ ಕಾನೂನಿನಲ್ಲಿ. ಫಿಲಿಪಿನೊ ನಾಯಕರು ವರ್ಷಗಟ್ಟಲೆ ವಾಷಿಂಗ್ಟನ್‌ಗೆ ಅಲೆದಿದ್ದರು. ಜೊತೆಗೆ, ಆರ್ಥಿಕ ಕುಸಿತದ ಆ ದಿನಗಳಲ್ಲಿ ಅಮೆರಿಕದ ಸಕ್ಕರೆ ಬೆಳೆಗಾರರಿಗೆ ಫಿಲಿಪ್ಪೀನ್ಸ್ ಸಕ್ಕರೆ ಬೇಡವಾಗಿತ್ತು, ಕಾರ್ಮಿಕ ಸಂಘಗಳಿಗೆ ಅಲ್ಲಿನ ಕೂಲಿಗಳು ಬೇಡವಾಗಿದ್ದರು. ಅದೇ ಕಾನೂನು ವಲಸೆಯನ್ನು ವರ್ಷಕ್ಕೆ 50 ಜನಕ್ಕೆ ಇಳಿಸಿತು. 'ಔದಾರ್ಯ' ಎಂಬ ಮಾತು ಕೇಳಿದಾಗ ಈ ಸಂಖ್ಯೆ ನೆನಪಿರಲಿ.

1941ರ ಡಿಸೆಂಬರ್‌ನಿಂದ ಜಪಾನಿನ ಆಕ್ರಮಣ, 1942ರಲ್ಲಿ ಬತಾನ್‌ನ ಸಾವಿನ ನಡಿಗೆ (ಸೆರೆಸಿಕ್ಕ ಸೈನಿಕರನ್ನು ಜಪಾನೀಯರು ಬಲವಂತವಾಗಿ ನಡೆಸಿದ್ದು), 1945ರಲ್ಲಿ ಮನಿಲಾದ ನಾಶ. 1946ರ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಅಧಿಕಾರ ಹಸ್ತಾಂತರವಾಯಿತು. 1962ರಲ್ಲಿ ಅಧ್ಯಕ್ಷ ಮಕಪಗಾಲ್ ಆಚರಣೆಯನ್ನು ಜೂನ್ 12ಕ್ಕೆ ಬದಲಿಸಿದರು. ಅಮೆರಿಕದ ಸೇನಾ ನೆಲೆಗಳು ಮಾತ್ರ 1947ರ ಒಪ್ಪಂದದಂತೆ ಹಾಗೇ ಉಳಿದಿದ್ದವು. 1991ರ ಸೆಪ್ಟೆಂಬರ್ 16ರಂದು ಫಿಲಿಪ್ಪೀನ್ಸ್ ಸೆನೆಟ್ 12–11 ಮತಗಳಿಂದ ನೆಲೆಗಳ ಹೊಸ ಒಪ್ಪಂದವನ್ನು ತಿರಸ್ಕರಿಸಿತು. ಮರುವರ್ಷ ಅಮೆರಿಕದ ಸುಬಿಕ್ ನೌಕಾನೆಲೆ ಮುಚ್ಚಿತು.