ಮಕ್ಕಳ ವಸ್ತುಸಂಗ್ರಹಾಲಯದಲ್ಲಿ ನಕ್ಷೆ: ಗೋಡೆಯಿಂದ ಮರಳಿಗೆ

ನಕ್ಷೆಯನ್ನು ಮಕ್ಕಳ ಕೈಗೆ ಕೊಡುವ ಪ್ರಯತ್ನ ಮಕ್ಕಳ ವಸ್ತುಸಂಗ್ರಹಾಲಯಗಳಿಗಿಂತಲೂ ಹಳೆಯದು. 1760ರ ದಶಕದಲ್ಲಿ ಲಂಡನ್ನಿನ ನಕ್ಷೆ ತಯಾರಕ ಜಾನ್ ಸ್ಪಿಲ್ಸ್‌ಬರಿ, ನಕ್ಷೆಗಳನ್ನು ತೆಳು ಹಲಗೆಗೆ ಅಂಟಿಸಿ ದೇಶಗಳ ಗಡಿಗುಂಟ ಗರಗಸದಿಂದ ಕತ್ತರಿಸಿ, ಭೂಗೋಳ ಕಲಿಸುವ ಸಾಧನವಾಗಿ ಮಾರಿದ. ಜಿಗ್‌ಸಾ ಆಟದ ಮೂಲ ಇದೇ. ಆದರೆ ತುಂಡು ಜೋಡಿಸುವ ಮಗು ಕಲಿಯುತ್ತಿದ್ದುದು ದೇಶಗಳ ಆಕಾರವನ್ನೇ ಹೊರತು, ಕಾಗದದ ಗೆರೆಗೂ ಕಾಲ ಕೆಳಗಿನ ನೆಲಕ್ಕೂ ಇರುವ ಸಂಬಂಧವನ್ನಲ್ಲ. ಈ ವಿಷಯದ ಪ್ರದರ್ಶಿಕೆಗಳನ್ನು ಇಂದಿಗೂ ಕಾಡುವ ತೊಡಕು ಅದೇ.

ಮಕ್ಕಳಿಗೆಂದೇ ಮೊದಲ ವಸ್ತುಸಂಗ್ರಹಾಲಯ 1899ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತೆರೆಯಿತು. 1962ರಲ್ಲಿ ಬಾಸ್ಟನ್ ಮಕ್ಕಳ ವಸ್ತುಸಂಗ್ರಹಾಲಯದ ನಿರ್ದೇಶಕರಾದ ಮೈಕೆಲ್ ಸ್ಪಾಕ್, ಗಾಜಿನ ಪೆಟ್ಟಿಗೆಯೊಳಗಿದ್ದ ವಸ್ತುಗಳನ್ನು ಮುಟ್ಟಿ ನೋಡುವಂತೆ ಮಾಡಿದರು. ಆ ಮಾದರಿ ಹಲವೆಡೆ ಹಬ್ಬಿತು. ನಕ್ಷೆಗೆ ಮಾತ್ರ ಅಷ್ಟು ಸಾಲದು. ನಕ್ಷೆಯನ್ನು ಮುಟ್ಟಿದರೆ ಸಿಗುವುದು ಕಾಗದವಷ್ಟೇ.

ತೊಡಕಿನ ಆಳ ತಿಳಿದದ್ದು ಮನೋವಿಜ್ಞಾನಿಗಳಿಂದ. ಜೂಡಿ ಡಿಲೋಚ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೋಣೆಯೊಂದರ ಪುಟ್ಟ ಮಾದರಿಯಲ್ಲಿ ಸಣ್ಣ ಆಟಿಕೆಯನ್ನು ಅಡಗಿಸುವುದನ್ನು ಮಕ್ಕಳಿಗೆ ತೋರಿಸಿ, ನಿಜವಾದ ಕೋಣೆಯಲ್ಲಿ ಅದೇ ಜಾಗದಲ್ಲಿರುವ ದೊಡ್ಡ ಆಟಿಕೆಯನ್ನು ಹುಡುಕಲು ಹೇಳಲಾಯಿತು. ಮೂರು ವರ್ಷದವರು ಬಹುಮಟ್ಟಿಗೆ ನೇರವಾಗಿ ಹೋಗಿ ತೆಗೆದರು. ಎರಡೂವರೆ ವರ್ಷದವರಲ್ಲಿ ಹೆಚ್ಚಿನವರಿಗೆ ಅದು ಆಗಲಿಲ್ಲ. ಇನ್ನೂ ಕುತೂಹಲದ ಸಂಗತಿಗಳು ಮನೋವಿಜ್ಞಾನಿ ಲಿನ್ ಲಿಬೆನ್ ಮತ್ತು ಭೂಗೋಳಶಾಸ್ತ್ರಜ್ಞ ರೋಜರ್ ಡೌನ್ಸ್ ಅವರ ಅಧ್ಯಯನಗಳಲ್ಲಿವೆ. ನಕ್ಷೆಯಲ್ಲಿ ಕೆಂಪು ಗೆರೆ ಇದ್ದರೆ ರಸ್ತೆಯೂ ಕೆಂಪಗಿರುತ್ತದೆ ಎಂದುಕೊಂಡ ಮಕ್ಕಳಿದ್ದರು; ಆ ಗೆರೆ ರಸ್ತೆಯಾಗಿರಲಾರದು, ಅದರ ಮೇಲೆ ಎರಡು ಕಾರು ಹಿಡಿಸುವುದಿಲ್ಲ ಎಂದವರೂ ಇದ್ದರು. ಹಾಗಾಗಿ ಮಗು ನಿಂತಿರುವ ಕೋಣೆಯಿಂದಲೇ ಆರಂಭಿಸಿ, ಅದರ ಮಾದರಿ, ಮೇಲಿನಿಂದ ತೆಗೆದ ಚಿತ್ರ ಮತ್ತು ನಕ್ಷೆಯನ್ನು ಒಂದರ ಪಕ್ಕ ಒಂದಿಡುವುದು, ಪ್ರಪಂಚದ ಭೂಪಟದಿಂದ ಆರಂಭಿಸುವುದಕ್ಕಿಂತ ಮೇಲು.

ನಕ್ಷೆಯನ್ನು ಯಾವ ದಿಕ್ಕಿಗೆ ನಿಲ್ಲಿಸುತ್ತೇವೆ ಎಂಬುದೂ ಮುಖ್ಯ. ‘ನೀವು ಇಲ್ಲಿದ್ದೀರಿ’ ಫಲಕಗಳನ್ನು 1980ರ ದಶಕದಲ್ಲಿ ಪರಿಶೀಲಿಸಿದ ಮನೋವಿಜ್ಞಾನಿ ಮಾರ್ವಿನ್ ಲೆವಿನ್, ನೋಡುಗರ ಎದುರಿಗಿರುವುದು ನಕ್ಷೆಯಲ್ಲಿ ಮೇಲಕ್ಕೆ ಬರದಿದ್ದರೆ ದೊಡ್ಡವರೂ ದಾರಿ ತಪ್ಪುತ್ತಾರೆ ಎಂದು ತೋರಿಸಿಕೊಟ್ಟರು. ಉತ್ತರ ಮೇಲಿರಲೇಬೇಕೆಂಬ ಶಾಲಾ ಪಾಠವನ್ನು ಇಲ್ಲಿ ಬದಿಗಿಡುವುದೇ ಲೇಸು.

ಇತ್ತೀಚಿನ ದೊಡ್ಡ ಬದಲಾವಣೆ ಬಂದದ್ದು ಮರಳಿನ ಪೆಟ್ಟಿಗೆಯಿಂದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ಆಲಿವರ್ ಕ್ರೈಲೋಸ್ ಮತ್ತು ಸಂಗಡಿಗರು 2012ರ ಸುಮಾರಿಗೆ ರೂಪಿಸಿದ ಈ ಪ್ರದರ್ಶಿಕೆಯಲ್ಲಿ, ವಿಡಿಯೊ ಆಟಕ್ಕೆಂದು ಬಂದ ಕಿನೆಕ್ಟ್ ಕ್ಯಾಮೆರಾ ಮೇಲಿನಿಂದ ಮರಳಿನ ಏರುತಗ್ಗನ್ನು ಅಳೆಯುತ್ತದೆ. ಅದಕ್ಕೆ ತಕ್ಕ ಬಣ್ಣವನ್ನೂ, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳನ್ನೂ ಪ್ರೊಜೆಕ್ಟರ್ ಆ ಮರಳಿನ ಮೇಲೆಯೇ ಮೂಡಿಸುತ್ತದೆ. ಮಗು ಮರಳನ್ನು ಕಡಿದಾಗಿ ಒಟ್ಟಿದರೆ ಗೆರೆಗಳು ಒತ್ತೊತ್ತಾಗುತ್ತವೆ, ಸವರಿ ಹರಡಿದರೆ ದೂರ ಸರಿಯುತ್ತವೆ. ಅಂಗೈಯನ್ನು ಬಿಡಿಸಿ ಮೇಲೆ ಹಿಡಿದರೆ ಮಳೆ ಸುರಿದಂತಾಗಿ, ನೀಲಿ ನೀರು ಇಳಿಜಾರು ಹಿಡಿದು ತಗ್ಗಿಗೆ ಹರಿಯುತ್ತದೆ. ಪಠ್ಯಪುಸ್ತಕದ ಪುಟಗಟ್ಟಲೆ ವಿವರಣೆ ಮಾಡಲಾಗದ ಕೆಲಸವನ್ನು ಆ ಗೆರೆಗಳ ಚಲನೆ ಮಾಡುತ್ತದೆ. ತಂತ್ರಾಂಶ ಮುಕ್ತವಾಗಿರುವುದರಿಂದ ಅನೇಕ ದೇಶಗಳ ಸಂಸ್ಥೆಗಳು ತಾವೇ ಇದನ್ನು ಕಟ್ಟಿಕೊಂಡಿವೆ.

ಆದರೂ ಮರಳಿನ ಪೆಟ್ಟಿಗೆಯ ಮುಂದೆ ನಿಂತ ಮಗು ಅಲ್ಲಿನ ನೆಲವನ್ನು ಸದಾ ಮೇಲಿನಿಂದ ನೋಡುತ್ತಿರುತ್ತದೆಯೇ ವಿನಾ ಅದರೊಳಗೆ ಇರುವುದಿಲ್ಲ. ತಾನೆಲ್ಲಿದ್ದೇನೆ, ಎತ್ತ ತಿರುಗಬೇಕು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಸಭಾಂಗಣದಲ್ಲಿ ವಸ್ತುವನ್ನು ಅಡಗಿಸಿ, ಕೈಗೊಂದು ನಕ್ಷೆ ಕೊಟ್ಟು ಹುಡುಕಲು ಕಳಿಸುವ ಹಳೆಯ ಆಟದಲ್ಲಿ ಆ ಪ್ರಶ್ನೆ ಹೆಜ್ಜೆಹೆಜ್ಜೆಗೂ ಏಳುತ್ತದೆ. ಅದರ ಖರ್ಚೂ ಕಡಿಮೆ. ಆದರೆ ಪ್ರತಿ ಸಲವೂ ವಸ್ತುವನ್ನು ಮತ್ತೆ ಅಡಗಿಸಲು, ಮಕ್ಕಳ ಜೊತೆ ಓಡಾಡಲು ಸಿಬ್ಬಂದಿಯೊಬ್ಬರು ಇರಬೇಕಾಗುತ್ತದೆ.